ವಾಮನಯ್ಯನವರ ಕೊಸರು

ನಮ್ಮೂರಿನ ಅಂಗಡಿಗಳ ತೂಕದ ಕಲ್ಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ನನ್ನದು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಯಿತು. ಹೀಗಾಗಿ, ನಮ್ಮ ವಿಹಾರದ ಹಡಗಿನಲ್ಲಿ ಹಗುರು ಎಂಬ ಬೇನೆ ಕಾಣಿಸಿಕೊಂಡು, ಬಂದರಿನವರು ನಮ್ಮನ್ನು ದಡಕ್ಕೆ ಬಿಡದೆ ಅಳಿವೆಯ ಹೊರಗೇ ಲಂಗರು ಹಾಕಿಸಿದಾಗ, ಪ್ರಯಾಣಿಕರನ್ನು ದಿನವೂ ತೂಗಿ ಬರೆದಿಡುವ ಹೊಣೆ ತಾನಾಗಿ ನನ್ನ ಹೆಗಲಿಗೆ ಬಂತು. ಬೇರೆಯವರಿಗೆ ಕೊಟ್ಟಿದ್ದರೆ ನಾನೇ ಜಗಳವಾಡಿ ಕಿತ್ತುಕೊಳ್ಳುತ್ತಿದ್ದೆನೋ ಏನೋ.

ಹಗುರು ಬಂದವರಿಗೆ ಜ್ವರವಿಲ್ಲ, ನೋವಿಲ್ಲ. ಮೈ ಹಾಗೆಯೇ ಇರುತ್ತದೆ, ಭಾರ ಮಾತ್ರ ದಿನದಿನವೂ ಇಳಿಯುತ್ತದೆ. ಮೂರನೆಯದೋ ನಾಲ್ಕನೆಯದೋ ವಾರಕ್ಕೆ ಕಾಲು ನೆಲ ಬಿಡುತ್ತದೆ. ಕೆಲವರಿಗೆ ಇನ್ನೂ ಬೇಗ. ಆಮೇಲೆ ನಲವತ್ತು ದಿನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾದರೆ ಭಾರ ಮರಳುತ್ತದೆ. ಹಗ್ಗ ಬಿಚ್ಚಿಕೊಂಡವರು ಮರಳುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅದು ಊರಿಗೆ ಬಂದಿತ್ತು. ಆಗ ಅಂಗಳಗಳ ಮೇಲೆ ಕಟ್ಟಿದ ಮೀನುಬಲೆಗಳನ್ನು ಯಾರೂ ಇನ್ನೂ ಬಿಚ್ಚಿಲ್ಲ. ಅವುಗಳ ಮೇಲೆ ಹಾಗಲಬಳ್ಳಿ ಹಬ್ಬಿಸಿಕೊಂಡಿದ್ದಾರೆ. ಆ ವರ್ಷ ನಮ್ಮ ಬೀದಿಯ ಕಮಲಾವತಿಗೆ ಹೆರಿಗೆಯಾಯಿತು. ತಾಯಿಗೆ ಹಗುರು ಇತ್ತು. ಮಗು ಸೂಲಗಿತ್ತಿಯ ಒದ್ದೆ ಕೈಯಿಂದ ಜಾರಿ ಮೇಲಕ್ಕೆ ಹೋಯಿತು. ಸೆಕೆಯೆಂದು ಛಾವಣಿಯ ಗವಾಕ್ಷಿ ತೆಗೆದಿಟ್ಟಿದ್ದರು. ಹಸುಗೂಸಿನ ಸೊಂಟಕ್ಕೂ ಹಗ್ಗ ಬೇಕೆಂದು ಯಾರಿಗೆ ತಾನೇ ಹೊಳೆದೀತು?

ಹಡಗಿನಲ್ಲಿ ನನ್ನ ಜೊತೆ ತಂಗಿ ಶರ್ವಾಣಿ ಇದ್ದಳು. ಹತ್ತುವಾಗ ಅವಳಿಗೆ ಎಂಟು ತಿಂಗಳು ತುಂಬಿತ್ತು. ಎಂಟು ದಿನ ದ್ವೀಪಗಳನ್ನು ಸುತ್ತಿ ಬರುವ ಹಡಗು ಅದು. ಸಮುದ್ರದ ನಡುವಿನಿಂದ ನಮ್ಮೂರು ಹೇಗೆ ಕಾಣುತ್ತದೆಂದು ನೋಡಬೇಕು ಎಂಬುದು ಅವಳ ಬಯಕೆ. ಬಸುರಿಯ ಬಯಕೆಗೆ ಇಲ್ಲ ಎನ್ನಬಾರದೆಂದು ನಾನೇ ಟಿಕೆಟ್ಟು ತಂದೆ. ಆರನೆಯ ದಿನದ ಊಟದ ಹೊತ್ತಿಗೆ, ಹಾಡುವುದಕ್ಕೆಂದು ಬಂದಿದ್ದ ರೇವಮ್ಮ ಕುರ್ಚಿಯಿಂದ ಒಂದು ಗೇಣು ಮೇಲೆ ಕೂತು ಸಾರು ಬಡಿಸಿಕೊಳ್ಳುತ್ತಿದ್ದುದನ್ನು ಎಲ್ಲರೂ ಒಟ್ಟಿಗೆ ನೋಡಿದೆವು. ಆಮೇಲೆ ಶರ್ವಾಣಿಗೆ ಬಯಕೆ ತೀರುವಷ್ಟು ಊರು ಕಂಡಿತು. ಬಂದರಿನ ಕಟ್ಟೆಯ ಮೇಲೆ ಛತ್ರಿ ಹಿಡಿದು ನಿಲ್ಲುವ ಅವಳ ಗಂಡನೂ ಕಾಣುತ್ತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರ ಮಾತ್ರ ಅಲ್ಲ.

ಬಂದರಿನ ಅಧಿಕಾರಿ ಚೆಂಗಪ್ಪನವರು ಹಾಕಿದ ನಿಯಮ ಸರಳವಾಗಿತ್ತು. ಹಗುರು ಬಂದವರನ್ನು ಬೇರ್ಪಡಿಸಿದ ಮೇಲೆ ಸತತ ಏಳು ದಿನ ಯಾರ ತೂಕ ಇಳಿಯುವುದಿಲ್ಲವೋ ಅವರು ದಡಕ್ಕೆ ಬರಬಹುದು. ಪಟ್ಟಿಗೆ ವಾರಿಜ ಮೇಡಮ್ಮರ ಸಹಿ ಇರಬೇಕು. ವಾರಿಜ ಅಂದರೆ ನಾನು.

ಹಡಗಿನಲ್ಲಿದ್ದುದು ಸಾಮಾನು ತೂಗುವ ದೊಡ್ಡ ತಕ್ಕಡಿ ಒಂದೇ. ಅದು ನನಗೆ ಸಂತೋಷವೇ ಆಯಿತು. ಸ್ಪ್ರಿಂಗಿನ ತಕ್ಕಡಿ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಕಲ್ಲಿಟ್ಟು ತೂಗುವ ತಕ್ಕಡಿ ಸುಳ್ಳು ಹೇಳುವುದಿಲ್ಲ. ಕಚೇರಿಗೆ ಬರುವ ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು. ಒಂದು ತಟ್ಟೆಯಲ್ಲಿ ಮನುಷ್ಯರು, ಇನ್ನೊಂದರಲ್ಲಿ ಕಬ್ಬಿಣದ ಕಲ್ಲು. ದಿನವೂ ಬೆಳಗ್ಗೆ ಎಂಬತ್ತಮೂರು ಜನ. ಕಲ್ಲು ಎತ್ತಿಡುವುದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಮೊದಲ ವಾರ ಒಂಬತ್ತು ಜನರ ತೂಕ ಇಳಿಯಿತು. ರೇವಮ್ಮನನ್ನೂ ಸೇರಿಸಿ ಅವರನ್ನು ಮೇಲಿನ ಕೋಣೆಗಳಿಗೆ ಕಳಿಸಿ ಹಗ್ಗ ಕಟ್ಟಿದೆವು. ಉಳಿದ ಎಪ್ಪತ್ತನಾಲ್ಕು ಜನ ಪರಸ್ಪರ ಮುಟ್ಟದೆ, ಒಂದು ಮಾರು ದೂರ ಇರತೊಡಗಿದೆವು. ನಾನು ಶರ್ವಾಣಿಯ ಕೋಣೆ ಬಿಟ್ಟು ಬೇರೆ ಕೋಣೆಗೆ ಹೋದೆ. ಎರಡನೆಯ ವಾರ ಒಬ್ಬರ ತೂಕವೂ ಇಳಿಯಲಿಲ್ಲ. ಕೆಲವರದು ಏರಿತು ಕೂಡ.

“ಮೇಡಮ್, ನೀವು ನನ್ನ ಹೆಸರಿನ ಮುಂದೆ ದಿನಾ ಅರ್ಧ ಕೆಜಿ ಸೇರಿಸ್ತಾ ಹೋಗ್ತಿದೀರಿ,” ಎಂದು ತಕರಾರು ತೆಗೆದವರು ಭುಜಂಗರಾವ್ ಮೇಷ್ಟ್ರು. ನಿವೃತ್ತ ಡ್ರಿಲ್ ಮೇಷ್ಟ್ರು, ಕಂಠ ಕಂಚಿನದು. “ಅರವತ್ನಾಲ್ಕು ಇದ್ದವನು ಅರವತ್ತೇಳೂವರೆ ಆಗಿದೀನಂತೆ. ನನ್ನ ಬೆಲ್ಟು ಮಾತ್ರ ಅದೇ ತೂತಲ್ಲಿದೆ. ನೋಡಿ ಬೇಕಾದ್ರೆ.”

“ಮೂರು ಹೊತ್ತೂ ತಿಂದು ಮಲಗಿದ್ರೆ ಇನ್ನೇನಾಗುತ್ತೆ ಮೇಷ್ಟ್ರೆ?” ಎಂದೆ ನಾನು. “ಬೆಲ್ಟು ಚರ್ಮದ್ದು, ಹಿಗ್ಗುತ್ತೆ. ಕಲ್ಲು ಹಿಗ್ಗಲ್ಲ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಊರಿನಿಂದ ಎರಡು ಮೂರು ದಿನಕ್ಕೊಮ್ಮೆ ಲಾಂಚು ಬಂದು ಅಕ್ಕಿ, ಉಪ್ಪು, ತರಕಾರಿಗಳನ್ನು ರಾಟೆಯ ಹಗ್ಗಕ್ಕೆ ಕಟ್ಟಿ ಹೋಗುತ್ತಿತ್ತು. ಅಕ್ಕಿ ವಾಮನಯ್ಯನವರ ಅಂಗಡಿಯದು. ಅವರ ಕೈಬಿಗಿ ನಮ್ಮೂರಿಗೇ ಗೊತ್ತು. ಮೋಸವಿಲ್ಲ, ಆದರೆ ಕೊಸರೂ ಇಲ್ಲ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ ಮಗುವಿನ ಬಾಯಿಗೆಂದು ಎರಡು ಕಡಲೆ ಕೇಳಿದರೂ, “ಅದಕ್ಕೂ ಒಂದು ತೂಕ ಇದೆಯಲ್ಲಮ್ಮ,” ಎನ್ನುವವರು. ಬಂದ ಮೂಟೆಯನ್ನೂ ತೂಗಿ ನೋಡುವುದು ನನ್ನ ಅಭ್ಯಾಸ. ಎರಡನೆಯ ವಾರದ ಮೊದಲ ಇಪ್ಪತ್ತೈದು ಕೆಜಿಯ ಮೂಟೆ ಇಪ್ಪತ್ತೈದೂಕಾಲು ಬಂತು. ಮುಂದಿನದು ಇಪ್ಪತ್ತೈದೂಮುಕ್ಕಾಲು.

“ವಾಮನಯ್ಯ ಕರಗಿದಾನೆ ಕಣ್ರೋ!” ಎಂದರು ಮೇಷ್ಟ್ರು.

ಸುದ್ದಿ ಹಡಗಿನ ತುಂಬ ಓಡಾಡಿತು. ಮುದುಕಿ ಯಮುನಕ್ಕ ಕಣ್ಣೊರೆಸಿಕೊಂಡಳು. “ನಮ್ಮನ್ನ ಊರು ಮರೆತಿಲ್ಲ. ಆ ಜಿಪುಣನ ಕೈಯಲ್ಲೂ ಕೊಸರು ಹಾಕಿಸ್ತಿದೆ ನೋಡು,” ಎಂದಳು. ನನ್ನ ಎದೆಯೂ ತುಂಬಿತೆಂದು ಒಪ್ಪಿಕೊಳ್ಳಬೇಕು. ಬಿಡುಗಡೆಗೆ ಎರಡು ದಿನ ಮುಂಚೆ ಲಾಂಚು ಬಂದಾಗ ಮೇಷ್ಟ್ರು ಮೆಗಾಫೋನು ಹಿಡಿದು, “ವಾಮನಯ್ಯನವರ ಕೊಸರಿಗೆ ಹಡಗಿನ ಸಮಸ್ತರ ನಮಸ್ಕಾರಗಳು!” ಎಂದು ಮೂರು ಸಲ ಕೂಗಿದರು. ಕಟ್ಟೆಯ ಮೇಲಿದ್ದ ಛತ್ರಿಗಳೆಲ್ಲ ತಿರುಗಿ ನೋಡಿದವು.

ಬಿಡುಗಡೆಯ ದಿನ ಬೆಳಗ್ಗೆ ಏಳಕ್ಕೆ ಸಾಮಾನಿನ ಲಾಂಚು ಬಂತು. ಹತ್ತು ಗಂಟೆಗೆ ಚೆಂಗಪ್ಪನವರು ಬಂದು ಎಪ್ಪತ್ತನಾಲ್ಕು ಜನರನ್ನು ಇಳಿಸಿಕೊಳ್ಳುವುದಿತ್ತು. ಹಡಗಿನಲ್ಲಿ ಉಳಿಯುವ ಒಂಬತ್ತು ಜನರಿಗೆಂದು ಐದು ಮೂಟೆ ಅಕ್ಕಿ, ಕಾರ್ಖಾನೆಯ ಸೀಲಿದ್ದ ಒಂದು ಕೆಜಿಯ ಉಪ್ಪಿನ ಪ್ಯಾಕೆಟ್ಟುಗಳ ಒಂದು ಚೀಲ ಬಂದಿದ್ದವು. ಮೊದಲ ಮೂಟೆಯ ಹೊಲಿಗೆಗೆ ಒಂದು ಚೀಟಿ ಸಿಕ್ಕಿಸಿತ್ತು. ಅದರಲ್ಲಿ ಹೀಗೆ ಬರೆದಿತ್ತು:

“ನಲವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ಒಂದು ಕಾಳು ಕಡಿಮೆ ಹೋಗಿಲ್ಲ, ಒಂದು ಕಾಳು ಹೆಚ್ಚೂ ಹೋಗಿಲ್ಲ. ಕೊಸರು ಕೊಟ್ಟೆನೆಂದು ಬಂದರಿನಲ್ಲಿ ನನ್ನ ಹೆಸರು ಕೂಗಿಸಿದ್ದೀರಿ. ಮೊನ್ನೆಯಿಂದ ಗಿರಾಕಿಗಳು ಅಂಗಡಿಯ ಮುಂದೆ ನಿಂತು ನಮಗೂ ಕೊಡಿ ಎನ್ನುತ್ತಿದ್ದಾರೆ. ಈ ಮೂಟೆಗಳನ್ನು ಮೂರು ಸಲ ತೂಗಿ ನಾನೇ ಹೊಲಿದಿದ್ದೇನೆ. ಇಪ್ಪತ್ತೈದಕ್ಕಿಂತ ಹೆಚ್ಚು ಬಂದರೆ ಇನ್ಸ್‌ಪೆಕ್ಟರ್ ಮೇಡಮ್ಮರು ತಮ್ಮ ಕಲ್ಲು ನೋಡಿಕೊಳ್ಳಲಿ.”

ನಗುತ್ತಲೇ ಓದಿದೆ. ಮೂಟೆಯನ್ನು ರಾಟೆಯಿಂದಲೇ ತಕ್ಕಡಿಯ ಮೇಲೆ ಇಳಿಸಿಕೊಂಡೆ. ಇಪ್ಪತ್ತಾರು ಕೆಜಿ ಮುನ್ನೂರು ಗ್ರಾಮು.

ವಾಮನಯ್ಯನವರ ಕಲ್ಲುಗಳಿಗೆ ಎರಡು ತಿಂಗಳ ಹಿಂದೆ ಮುದ್ರೆ ಒತ್ತಿದವಳು ನಾನೇ. ಅವು ಸರಿಯಾಗಿದ್ದವು. ಮುಟ್ಟದೆ, ಚೀಲ ವಾಲಿಸಿ, ಹತ್ತು ಉಪ್ಪಿನ ಪ್ಯಾಕೆಟ್ಟುಗಳನ್ನು ತಟ್ಟೆಗೆ ಉರುಳಿಸಿದೆ. ಆಚೆ ತಟ್ಟೆಗೆ ಹತ್ತು ಕೆಜಿಯ ಕಲ್ಲಿಟ್ಟೆ. ಉಪ್ಪು ಕೆಳಗಿಳಿಯಿತು. ಕಲ್ಲಿನ ಪಕ್ಕ ಅರ್ಧ ಕೆಜಿಯ ಬಟ್ಟು ಸೇರಿಸಿದ ಮೇಲೆಯೇ ಮುಳ್ಳು ನೆಟ್ಟಗಾದದ್ದು.

ಕಲ್ಲಿಗೂ ಹಗುರು ತಗಲಿತ್ತು.

ವಸ್ತುವಿಗೆ ಅದು ತಗಲುತ್ತದೆಂದು ಯಾರೂ ಹೇಳಿ ಕೇಳಿರಲಿಲ್ಲ. ಚಮಚವೋ ಟವೆಲ್ಲೋ ಹಗುರಾದರೆ ಯಾರು ನೋಡುತ್ತಾರೆ? ಕಲ್ಲಿನಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಕಲ್ಲಿಗೆ ಅದನ್ನು ತಗಲಿಸಿದ್ದು ಯಾವ ಕೈ ಎಂಬುದು ಹೊಳೆಯಲು ನನಗೆ ತುಸು ಹೊತ್ತು ಬೇಕಾಯಿತು. ಅವನ್ನು ಎರಡು ವಾರ ದಿನಕ್ಕೆ ಇನ್ನೂರು ಸಲ ಎತ್ತಿಟ್ಟಿದ್ದು ಒಂದೇ ಜೊತೆ ಕೈ.

ಪುಸ್ತಕ ತೆಗೆದೆ. ಕಲ್ಲು ನೂರಕ್ಕೆ ಐದು ಪಾಲು ಇಳಿದಿದೆ. ಹಾಗಾದರೆ ಸರಿಯಾಗಿದ್ದವರ ತೂಕ ಪುಸ್ತಕದಲ್ಲಿ ಏರಿರಬೇಕು. ಪುಸ್ತಕದಲ್ಲಿ ಅಲುಗಾಡದೆ ನಿಂತವರು ಕಲ್ಲಿನ ಜೊತೆಗೇ ಇಳಿಯುತ್ತಿರುವವರು. ಏರಿದವರನ್ನು ಎಣಿಸಿದೆ: ಮೂವತ್ತೊಂದು. ಮೇಷ್ಟ್ರು ಅದರಲ್ಲಿದ್ದರು. ಶರ್ವಾಣಿ ಅರವತ್ತೊಂದರಿಂದ ಅರವತ್ತೈದಕ್ಕೆ ಬಂದಿದ್ದಳು. ಬಸುರಿ ಅಲ್ಲವೇ ಎಂದು ನಾನದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಲುಗಾಡದವರು ನಲವತ್ತಮೂರು. ಪಟ್ಟಿಯ ಕೊನೆಯಲ್ಲಿ ನನ್ನದೇ ಅಂದದ ಅಕ್ಷರದಲ್ಲಿ, ವಾರಿಜ, ಐವತ್ತೆರಡು, ಐವತ್ತೆರಡು, ಐವತ್ತೆರಡು, ಏಳು ಸಲ.

ಕಪ್ತಾನ ಹಸನಬ್ಬರನ್ನೂ ಹಡಗಿನ ಡಾಕ್ಟರು ಪ್ರೆಸಿಲ್ಲಾ ಅವರನ್ನೂ ಕರೆದು ಉಪ್ಪು ತೂಗಿ ತೋರಿಸಿದೆ. ಕಪ್ತಾನರು ಬಗ್ಗಿ ಮುಳ್ಳನ್ನು ನೋಡಿದರು.

“ಇದನ್ನ ಹೇಳಿದ್ರೆ ಚೆಂಗಪ್ಪ ಒಬ್ಬರನ್ನೂ ಇಳಿಸಲ್ಲ,” ಎಂದರು. “ಇನ್ನೂ ನಲವತ್ತು ದಿನ ಅಂತಾನೆ. ನಿಮ್ಮ ಸಹಿ ಮೇಲೆ ಇದ್ದ ನಂಬಿಕೇನೂ ಹೋಗುತ್ತೆ, ಅಮ್ಮ.”

“ಹೇಳದಿದ್ರೆ?”

“ನಾನೇನು ಹೇಳಲಿ? ಬಾಗಿಲಲ್ಲಿ ಎಪ್ಪತ್ನಾಲ್ಕು ಜನ ಬ್ಯಾಗು ಇಟ್ಕೊಂಡು ನಿಂತಿದಾರೆ.”

“ನಿಮ್ಮ ತಂಗಿಗೆ ಸೊಂಟ ನೋವು ಶುರುವಾಗಿದೆ,” ಎಂದರು ಪ್ರೆಸಿಲ್ಲಾ. “ಇವತ್ತೋ ನಾಳೆಯೋ ಹೇಳೋಕಾಗಲ್ಲ. ಇಲ್ಲಿ ಹೆರಿಗೆ ಮಾಡಿಸೋಳು ನಾನು. ನನ್ನ ತೂಕ ಏನಿದೆ ನಿಮ್ಮ ಪುಸ್ತಕದಲ್ಲಿ?”

ನೋಡಿದೆ. ಐವತ್ತೆಂಟು. ಏಳೂ ದಿನ ಐವತ್ತೆಂಟು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಜೇಬಿಗೆ ಹಾಕಿದರು.

ಸುಮ್ಮನಿದ್ದರೆ ಶರ್ವಾಣಿ ಹತ್ತು ಗಂಟೆಗೆ ದಡದಲ್ಲಿರುತ್ತಾಳೆ. ಅವಳ ಜೊತೆ ನಲವತ್ತಮೂರು ಜನ ಹಗುರು ಹೊತ್ತು ಊರು ಸೇರುತ್ತಾರೆ, ಅದೇ ಲಾಂಚಿನಲ್ಲಿ ತೋಳಿಗೆ ತೋಳು ತಾಗಿಸಿಕೊಂಡು. ಹೇಳಿದರೆ ಅವಳು ಇಲ್ಲೇ ಹೆರಬೇಕಾಗಬಹುದು, ಹಗುರು ಹತ್ತಿದ ಕೈಗಳಿಗೆ. ನಾನು ಅವಳ ಕೋಣೆಯ ಬಾಗಿಲಿಗೆ ಹೋಗಿ, ಒಂದು ಮಾರು ದೂರ ನಿಂತು, ಇದ್ದುದನ್ನೆಲ್ಲ ಹೇಳಿದೆ.

ಮಂಚದ ಅಂಚು ಹಿಡಿದು ಕೂತಿದ್ದವಳು ತಲೆಯೆತ್ತಿದಳು. “ನಿಂಗೆ ಬಂದಿದೆಯಾ?”

“ಪುಸ್ತಕ ಹಾಗನ್ನುತ್ತೆ.”

“ಮತ್ತೆ ನಂಗೆ ಇಲ್ಲ ಅನ್ನೋದೂ ಅದೇ ಪುಸ್ತಕ ತಾನೆ? ತಪ್ಪು ಕಲ್ಲಲ್ಲಿ ಬರೆದ ಪುಸ್ತಕ.” ನೋವು ಬಂತೋ ಏನೋ, ತುಟಿ ಕಚ್ಚಿದಳು. “ಅಕ್ಕ, ಸರಿಯಾದ್ದರಲ್ಲಿ ತೂಗು ನನ್ನ. ಗೊತ್ತಾಗದೆ ನಾನು ಇಳಿಯಲ್ಲ. ಅಲ್ಲಿ ಹೋಗಿ ಸೆರಗಲ್ಲಿ ಕಟ್ಕೊಂಡ ಕೂಸನ್ನ ದಿನಾ ಮುಟ್ಟಿ ಮುಟ್ಟಿ ನೋಡ್ತಾ ಬದುಕೋಕೆ ನನ್ನಿಂದಾಗಲ್ಲ.”

“ಸರಿಯಾದ ಕಲ್ಲು ಎಲ್ಲಿದೆ ಶರ್ವಿ?”

“ವಾಮನಯ್ಯ ಕಳಿಸಿದಾರಲ್ಲ, ಐದು ಮೂಟೆ.”

ಹತ್ತು ಗಂಟೆಗೆ ಚೆಂಗಪ್ಪನವರ ಲಾಂಚು ಹಡಗಿನ ಬದಿಗೆ ಬಂದು ನಿಂತಿತು. ನಾನು ಮೆಗಾಫೋನು ತೆಗೆದುಕೊಂಡು, ಸಹಿ ಮಾಡಿದ ಪಟ್ಟಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆಂದೂ ಏಕೆಂದೂ ಹೇಳಿದೆ. ನನ್ನ ಹಿಂದೆ ಎಪ್ಪತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು.

“ಏಳು ದಿನ ಬರೆದಿದ್ದೆಲ್ಲ ಸುಳ್ಳಾ ಮೇಡಮ್?” ಎಂದು ಕೆಳಗಿನಿಂದ ಕೇಳಿದರು ಚೆಂಗಪ್ಪನವರು.

“ಸುಳ್ಳಲ್ಲ. ತಪ್ಪು. ತಪ್ಪು ನನ್ನದು. ಆದರೆ ಆ ತಪ್ಪಿನಲ್ಲೇ ಯಾರಿಗೆ ಇದೆ, ಯಾರಿಗಿಲ್ಲ ಅನ್ನೋದು ಗೊತ್ತಾಗುತ್ತೆ. ಈ ಮೂವತ್ತೊಂದು ಹೆಸರು ಕೇಳಿಸಿಕೊಳ್ಳಿ. ಆಮೇಲೆ ಊರಿನಿಂದ ಇವತ್ತು ಬಂದ ಅಕ್ಕಿ, ಉಪ್ಪಿನಲ್ಲಿ ಎಲ್ಲರನ್ನೂ ನಿಮ್ಮ ಕಣ್ಣೆದುರು ತೂಗ್ತೀವಿ. ನನ್ನ ಪಟ್ಟಿಯಲ್ಲಿ ಒಂದು ಹೆಸರು ತಪ್ಪಾದ್ರೂ ಯಾರನ್ನೂ ಇಳಿಸ್ಕೋಬೇಡಿ.”

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಒಂದು ತಪ್ಪಿದ್ರೂ ಲಾಂಚು ವಾಪಸ್,” ಎಂದರು. “ತೂಗಿ.”

ಹೆಸರುಗಳನ್ನು ಓದಿದೆ. ಮೂವತ್ತೊಂದು ಮುಗಿದಾಗ ಬೇಕರಿಯ ನಾರ್ಬರ್ಟ್ ಗುಂಪನ್ನು ಸೀಳಿಕೊಂಡು ಬಂದ. “ನನ್ನ ಹೆಸರೆಲ್ಲಿ? ಏಳು ದಿನ ತಟ್ಟೆ ಮೇಲೆ ಕೂರಿಸಿ ಸರಿ ಇದೀಯ ಅಂದವರು ಯಾರು?” ಎಂದು ಕೂಗಿ, ನೇರ ಮೂಟೆಗಳ ಎದುರು ಹೋಗಿ ನಿಂತ. ಎರಡೂ ತೋಳು ಚಾಚಿದ. “ಇದನ್ನ ತಬ್ಕೊಂಡು ಮಲಗ್ತೀನಿ. ಆಮೇಲೆ ಯಾವುದರಲ್ಲಿ ತೂಗ್ತೀರೋ ನೋಡ್ತೀನಿ.”

ನಾನು ಹೆಜ್ಜೆ ಮುಂದಿಟ್ಟೆ, ಅಲ್ಲೇ ನಿಂತೆ. ಅವನಿಗೂ ಹಗುರಿದೆ, ಅವನನ್ನು ತಳ್ಳಲು ನನ್ನ ಕೈ ಆಗಬಹುದು. ಆದರೆ ಆ ಕೈ ಮೂಟೆಗೆ ತಾಗಿದರೂ ಮುಗಿಯಿತು. ಯಾರೂ ಅಲುಗಾಡಲಿಲ್ಲ.

“ನಾರ್ಬರ್ಟಣ್ಣ,” ಎಂದಳು ಶರ್ವಾಣಿ. ಗೋಡೆ ಹಿಡಿದುಕೊಂಡು ಮೇಲೆ ಬಂದಿದ್ದಳು. ಹಣೆಯಲ್ಲಿ ಬೆವರಿತ್ತು. “ನಿಮ್ಮ ಹೆಂಡ್ತಿ ಹೆಸರು ಇದೆ ಪಟ್ಟಿಯಲ್ಲಿ. ಕೇಳಿಸ್ಲಿಲ್ವಾ? ಹತ್ತನೇದು. ಆಕೇನೂ ಇಲ್ಲೇ ಇರ್ಬೇಕಾ?”

ನಾರ್ಬರ್ಟ್ ತಿರುಗಿ ಹೆಂಡತಿಯನ್ನು ಹುಡುಕಿದ. ಆಕೆ ಬ್ಯಾಗನ್ನು ಎದೆಗವಚಿಕೊಂಡು ಅಳುತ್ತಾ ನಿಂತಿದ್ದಳು. ಅವನ ತೋಳುಗಳು ಕೆಳಗೆ ಬಂದವು. ಮೂಟೆಗಳಿಂದ ಒಂದು ಮಾರು ದೂರ ಸರಿದು, ಹಗ್ಗದ ಸುರುಳಿಯ ಮೇಲೆ ಕೂತು ಮುಖ ಮುಚ್ಚಿಕೊಂಡ.

ಹಳೆಯ ತಟ್ಟೆಗಳನ್ನು ಬಿಚ್ಚಿ, ಊರಿನಿಂದ ಬಂದ ಹೊಸ ಗೋಣಿಯ ಹಾಸು ಕಟ್ಟಿದರು. ಮೂಟೆ ಎತ್ತಲು ಸರಿಯಾಗಿದ್ದವರೇ ಬೇಕಿತ್ತು. ಮೇಷ್ಟ್ರು ಅಂಗಿಯ ತೋಳು ಮಡಚಿ, “ಬೆಲ್ಟು ಹಿಗ್ಗಿದ್ದೋ ಕಲ್ಲು ಕುಗ್ಗಿದ್ದೋ ಮೇಡಮ್?” ಎನ್ನುತ್ತಾ ಎರಡು ಮೂಟೆ ತಂದಿಟ್ಟರು.

ಮೊದಲು ನಾನೇ ಕೂತೆ. ಈಚೆ ನಾನು, ಆಚೆ ಎರಡು ಮೂಟೆ, ಐವತ್ತು ಕೆಜಿ. ಪುಸ್ತಕದ ಪ್ರಕಾರ ನಾನು ಕೆಳಗಿಳಿಯಬೇಕು. ಇಳಿಯಲಿಲ್ಲ. ನನ್ನ ಕಾಲುಗಳು ಹಲಗೆ ಬಿಟ್ಟು ಮೆಲ್ಲಗೆ ಮೇಲೆದ್ದವು. ಅದೊಂದು ಅಡಿಯಷ್ಟು ಎತ್ತರ. ಅಲ್ಲಿಂದ ಎಲ್ಲರ ಮುಖವೂ ಕಂಡಿತು. ಗದ್ದಲ ಅಲ್ಲಿಗೆ ನಿಂತಿತು. ಮೇಷ್ಟ್ರು ಪ್ರತಿಯೊಬ್ಬರ ಎದುರೂ ಅವರ ಮೊದಲ ದಿನದ ತೂಕದಷ್ಟು ಅಕ್ಕಿ, ಉಪ್ಪು ಇಡುತ್ತಾ ಹೋದರು. ತಮ್ಮ ಸರದಿಗೆ ಕೂತವರು ಆಮೇಲೆ ಜಗಳವಾಡಲಿಲ್ಲ. “ತುಲಾಭಾರ ಮಾಡಿಸ್ಕೊಂಡ ಪುಣ್ಯ ಆದ್ರೂ ಬರ್ಲಿ,” ಎಂದು ಯಮುನಕ್ಕ ಕೈಮುಗಿದು ಕೂತಳು. ಅವಳೂ ಮೇಲೆದ್ದಳು. ಇಳಿದು, ತನ್ನ ಟ್ರಂಕನ್ನು ತಾನೇ ಎಳೆದುಕೊಂಡು ಒಳಗೆ ಹೋದಳು.

ಎಪ್ಪತ್ತಮೂರು ಜನ ಮುಗಿದರು. ಪಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ. ಶರ್ವಾಣಿಯನ್ನು ಕೊನೆಗೆ ಉಳಿಸಿದ್ದು ನಾನೇ, ಧೈರ್ಯವಿರಲಿಲ್ಲ. ಮೊದಲ ವಾರ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಅವಳ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ಅವಳು ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ಕೂತಳು. ಎರಡು ಮೂಟೆ. ಮೇಲೆ ಹತ್ತು ಪ್ಯಾಕೆಟ್ಟು ಉಪ್ಪು. ಎಪ್ಪತ್ತಮೂರು ಸಲ ತೂಗಿದ್ದ ಮೇಷ್ಟ್ರು ಈಗ ಪ್ಯಾಕೆಟ್ಟುಗಳನ್ನು ಮೊಟ್ಟೆ ಇಟ್ಟ ಹಾಗೆ ಇಡುತ್ತಿದ್ದರು. ಅವಳು ಕೆಳಗೇ ಇದ್ದಳು.

“ಹನ್ನೊಂದು,” ಎಂದರು ಮೇಷ್ಟ್ರು.

ಮೊದಲ ಸಲ ತೂಗಿದ ದಿನ ಅವಳ ತೂಕ ಅಷ್ಟೇ ಇತ್ತು, ಅರವತ್ತೊಂದು. ಅಲ್ಲಿ ಮುಳ್ಳು ನಿಂತರೂ ಸಾಕೆಂದುಕೊಂಡೆ. ನಿಲ್ಲಲಿಲ್ಲ. ಅವಳ ಹಾಸು ಹಲಗೆಗೆ ಒತ್ತಿಕೊಂಡೇ ಇತ್ತು.

“ಹನ್ನೆರಡು.”

ಮುಳ್ಳು ನಡುಗಿ, ನೆಟ್ಟಗಾಯಿತು. ಒಂದು ಕೆಜಿ ಹೆಚ್ಚು. ಎರಡು ವಾರದಲ್ಲಿ ಹೊಟ್ಟೆಯೊಳಗಿನ ಕೂಸು ಬೆಳೆಯಬೇಕಾದಷ್ಟೇ ಬೆಳೆದಿತ್ತು. ಪ್ರೆಸಿಲ್ಲಾ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡರು.

ಲಾಂಚಿಗೆ ಒಬ್ಬೊಬ್ಬರೇ ಇಳಿಯತೊಡಗಿದರು. ಶರ್ವಾಣಿ ಏಣಿಯ ಹತ್ತಿರ ನಿಂತು ನನ್ನ ಕಡೆ ನೋಡಿದಳು. ನಮ್ಮ ನಡುವೆ ಒಂದು ಮಾರು ಇತ್ತು.

“ಹಗ್ಗ ಗಟ್ಟಿಯಾಗಿ ಕಟ್ಕೋ,” ಎಂದಳು. “ನೀನೇ ಕಟ್ಕೋಬೇಡ, ಕಪ್ತಾನರ ಕೈಲಿ ಕಟ್ಟಿಸ್ಕೋ. ನಿಂಗೆ ಗಂಟು ಹಾಕೋಕೆ ಬರಲ್ಲ.”

“ಬರುತ್ತೆ ಕಣೇ.”

“ಬರಲ್ಲ ಅಕ್ಕ. ಚಿಕ್ಕಂದಿನಿಂದ ನೋಡಿದೀನಿ.”

ನೋವು ಬಂದು ಅವಳ ಮುಖ ಬಿಗಿಯಿತು. ಅದು ಇಳಿಯುವವರೆಗೂ ನಿಂತು, ಆಮೇಲೆ ಏಣಿಗೆ ಬೆನ್ನು ಮಾಡಿ ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನಿಂದ ಲಾಂಚಿನ ಅಂಚಿಗೆ ಕಾಲಿಟ್ಟದ್ದೇ, ಲಾಂಚು ಅವಳ ಕಡೆಗೆ ದಪ್ಪನೆ ವಾಲಿತು. ಒಳಗಿದ್ದವರು ಬೆಂಚು ಹಿಡಿದುಕೊಂಡರು. ಚುಕ್ಕಾಣಿಯವನು ರೇಗಿದ:

“ಎಲ್ರೂ ಒಂದೇ ಬದಿಗೆ ಬರ್ತೀರಲ್ರೀ! ಆ ಅಮ್ಮನ್ನ ನಡುವಿಗೆ ಕೂರ್ಸಿ, ಭಾರ ಇದಾರೆ!”

ನಾನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡಿದೆ. ಮೂವತ್ತೊಂದು ಜನರನ್ನು ಹೊತ್ತ ಲಾಂಚಿನ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿದಿತ್ತು. ಅದು ಏದುಸಿರು ಬಿಡುತ್ತಾ, ನೀರನ್ನು ಎರಡೂ ಬದಿಗೆ ತಳ್ಳುತ್ತಾ, ನಿಧಾನವಾಗಿ ಊರಿನ ಕಡೆಗೆ ಹೋಯಿತು.